‘ಮನಸ್ಸು ಭಾರವಾಯಿತು’ ಎಂದು ಬರೆದ ಮೇಲೆ ಮುಂದೇನು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮಗಳು ಹಾಸ್ಟೆಲ್ ಸೇರಿದ ಮೇಲೆ ಮತ್ತೆ ಓದು ಹಿಡಿದಿದ್ದೇನೆ. ಈಚೆಗೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’, ಅದರ ಬೆನ್ನಲ್ಲೇ ಅವರ ಆತ್ಮಕಥೆ ‘ಭಿತ್ತಿ’, ಆಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’, ಸಿದ್ಧಲಿಂಗಯ್ಯನವರ ‘ಊರುಕೇರಿ’, ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ ಓದಿದೆ. ಓದಿದ್ದನ್ನು ಬರೆದಿಡೋಣ ಎಂದು ಕೂತರೆ ‘ಅದ್ಭುತವಾಗಿದೆ, ಮನಸ್ಸು ಭಾರವಾಯಿತು’ ಎಂಬಲ್ಲಿಗೆ ನಿಂತುಬಿಡುತ್ತದೆ. ‘ಗೃಹಭಂಗ’ದ ಬಗ್ಗೆ ‘ನಂಜಮ್ಮನ ಸಹನೆಗೆ ಕೈಮುಗಿಯಬೇಕು’ ಎಂದು ಬರೆದೆ. ನಿಜ ಹೇಳಬೇಕೆಂದರೆ ಅವಳ ಗಂಡ ಚೆನ್ನಿಗರಾಯ ಊಟಕ್ಕೆ ಕೂತಾಗೆಲ್ಲ ಮೈ ಉರಿದು ಪುಸ್ತಕ ಮುಚ್ಚಿಡುತ್ತಿದ್ದೆ. ಅದನ್ನು ಬರೆಯಲಿಲ್ಲ. ‘ಭಿತ್ತಿ’ ಓದಿದ ಮೇಲೆ ‘ಗೃಹಭಂಗ’ ಪೂರ್ತಿ ನಡೆದದ್ದೇ ಅನ್ನಿಸಿತು. ಹಾಗೆ ತಿಳಿಯುವುದು ಸರಿಯೇ? ‘ಘಾಚರ್ ಘೋಚರ್’ನಲ್ಲಿ ಕತೆ ಹೇಳುವವನು ಏನೂ ಮಾಡದೆ ಕೂರುತ್ತಾನೆ. ಅವನ ಮೇಲೆ ವಿಪರೀತ ಸಿಟ್ಟು ಬಂತು. ಅಂದರೆ ಕಾದಂಬರಿ ಇಷ್ಟವಾಗಲಿಲ್ಲ ಅಂತಲೇ? ‘ಊರುಕೇರಿ’ ಓದುತ್ತಾ ಜೋರಾಗಿ ನಕ್ಕೆ, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ನಾನು ಆ ಕೇರಿಯ ಕಡೆಯವಳಲ್ಲ. ಕಾರ್ನಾಡರು ತಾಯಿಯ ವಿಷಯ ಹಾಗೆ ಬರೆಯಬೇಕಿತ್ತಾ ಎಂದೂ ಅನ್ನಿಸಿತು. ನಾವು ಕೆಲವು ಗೆಳತಿಯರು ತಿಂಗಳಿಗೊಮ್ಮೆ ಸೇರಿ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಅಲ್ಲಿ ಒಬ್ಬರು ‘ನೀನು ಹೇಳೋದು ನಿನ್ನ ಪರ್ಸನಲ್ ಅನಿಸಿಕೆ, ವಿಮರ್ಶೆ ಅಲ್ಲ’ ಅಂದರು. ನನ್ನಂಥವರ ಅನಿಸಿಕೆಗೆ ಬೆಲೆ ಇದೆಯಾ?

ಉತ್ತರ: ಮೊದಲು ನಿಮ್ಮ ಗೆಳತಿಯ ಮಾತು. ವಿಮರ್ಶೆ ಹುಟ್ಟುವುದೇ ಅನಿಸಿಕೆಯಿಂದ. ಓದುವಾಗ ಏನೂ ಅನ್ನಿಸದವರು ಬರೆದ ವಿಮರ್ಶೆ ಎಷ್ಟು ಪಂಡಿತರದ್ದಾದರೂ ಓದಲು ಆಗುವುದಿಲ್ಲ. ನಾನು ಹಲವು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು, ಪುಸ್ತಕಗಳ ಬಗ್ಗೆ ಬರೆಯುವವಳು. ನಿಮ್ಮ ಟಿಪ್ಪಣಿ ನೋಡಿದರೆ ನನಗೆ ಕಾಣುವ ತೊಂದರೆಯೇ ಬೇರೆ. ಅದು ಇನ್ನೂ ಸಾಕಷ್ಟು ಪರ್ಸನಲ್ ಆಗಿಲ್ಲ. ‘ಮನಸ್ಸು ಭಾರವಾಯಿತು’ ಎನ್ನುವುದನ್ನು ಯಾರು ಬೇಕಾದರೂ, ಯಾವ ಪುಸ್ತಕದ ಬಗ್ಗೆ ಬೇಕಾದರೂ ಬರೆಯಬಹುದು. ಅದರಲ್ಲಿ ನೀವೂ ಇಲ್ಲ, ನಂಜಮ್ಮನೂ ಇಲ್ಲ. ಚೆನ್ನಿಗರಾಯ ಊಟಕ್ಕೆ ಕೂತಾಗ ಪುಸ್ತಕ ಮುಚ್ಚಿಟ್ಟಿರಲ್ಲ, ಅದರಲ್ಲಿ ಇಬ್ಬರೂ ಇದ್ದೀರಿ. ಬರೆಯಬೇಕಾದದ್ದು ಅದನ್ನೇ.

ಅದನ್ನು ಬರೆಯಲು ಹೋದರೆ ಏನಾಗುತ್ತದೆ ನೋಡೋಣ. ನಿಮಗೆ ಮೈ ಉರಿದದ್ದು ಯಾಕೆ? ಚೆನ್ನಿಗರಾಯ ದುಷ್ಟ ಎಂದೇ? ಪುಟ ತಿರುಗಿಸಿ ನೋಡಿ. ಅವನು ಸಂಚು ಮಾಡುವವನಲ್ಲ. ಯಾರನ್ನೋ ಹಾಳು ಮಾಡಬೇಕು ಎಂದು ಹೊಂಚು ಹಾಕುವವನೂ ಅಲ್ಲ. ಅವನಿಗೆ ಹಸಿವು, ಸೋಮಾರಿತನ, ಬಾಯಿ ತುಂಬ ಬೈಗುಳ. ಅಷ್ಟೇ. ಮನೆಯಲ್ಲಿ ಉಳಿದವರಿಗೆ ಇದೆಯೋ ಇಲ್ಲವೋ ನೋಡದೆ ತಿನ್ನುತ್ತಾನೆ. ಊರಿನ ಕಂದಾಯದ ಲೆಕ್ಕ ಇಡುವ ಶ್ಯಾನುಭೋಗಿಕೆ ಇರುವುದು ಅವನ ಹೆಸರಿನಲ್ಲಿ, ಲೆಕ್ಕ ಬರೆಯುವುದು ನಂಜಮ್ಮ. ಭೈರಪ್ಪನವರು ಇವನ ಬಗ್ಗೆ ನಡುವೆ ಬಂದು ಒಂದು ಮಾತೂ ಆಡುವುದಿಲ್ಲ. ‘ಎಂಥ ಗಂಡ ನೋಡಿ’ ಎಂದು ಓದುಗರ ಕಡೆ ತಿರುಗುವುದಿಲ್ಲ. ಸುಮ್ನೆ ಎಲೆ ಹಾಕಿ, ಬಡಿಸಿ, ಅವನು ತಿನ್ನುವುದನ್ನು ತೋರಿಸುತ್ತಾರೆ. ಬೈಯುವ ಕೆಲಸ ನಮಗೆ ಬಿಟ್ಟಿದ್ದಾರೆ. ಎದುರಿಗೆ ಖಳನಾಯಕ ಇದ್ದರೆ ಹೋರಾಡಬಹುದು. ತನಗೇನೂ ಗೊತ್ತೇ ಇಲ್ಲ ಎನ್ನುವಂತೆ ಉಣ್ಣುತ್ತಾ ಕೂತವನ ಜೊತೆ ಏನು ಹೋರಾಡುತ್ತೀರಿ? ನಿಮ್ಮ ಸಿಟ್ಟಿನ ಬೇರು ಅಲ್ಲಿದೆ ಎಂದು ನನ್ನ ಊಹೆ. ಬೇರೆ ಕಡೆ ಇದ್ದರೆ ನೀವೇ ಹುಡುಕಿ.

ಈಗ ‘ನಂಜಮ್ಮನ ಸಹನೆ’. ಇದನ್ನು ನಾನು ಒಪ್ಪುವುದಿಲ್ಲ. ನೀವು ಮಾತ್ರ ಅಲ್ಲ, ಬಹಳ ಜನ ಹಾಗೇ ಬರೆಯುತ್ತಾರೆ. ಕಷ್ಟದಲ್ಲಿರುವ ಹೆಂಗಸು ಕಂಡ ಕೂಡಲೇ ನಮ್ಮ ಬಾಯಿಗೆ ಈ ಮಾತು ತಾನಾಗಿ ಬರುತ್ತದೆ. ಆದರೆ ನಂಜಮ್ಮ ಎಲ್ಲಿ ಸಹಿಸಿಕೊಂಡು ಕೂತಿದ್ದಾಳೆ? ಗಂಡನ ಕೈಲಿ ಆಗದ ಲೆಕ್ಕಪತ್ರ ಕಲಿತು ಬರೆಯುತ್ತಾಳೆ. ಮುತ್ತುಗದ ಎಲೆ ತಂದು ಹಚ್ಚಿ, ಮಾರಿ, ಕಾಸು ಕೂಡಿಸುತ್ತಾಳೆ. ಮಗಳ ಮದುವೆಯ ದಾರಿ ನೋಡುತ್ತಾಳೆ. ಮಕ್ಕಳನ್ನು ಓದಿಸಬೇಕು ಎಂದು ಹಟ ಹಿಡಿಯುತ್ತಾಳೆ. ತನ್ನದೇ ಒಂದು ಮನೆ ಆಗಬೇಕು ಎಂದು ಗೋಡೆ ಎಬ್ಬಿಸಲು ಹೊರಡುತ್ತಾಳೆ. ಇಡೀ ಕಾದಂಬರಿಯಲ್ಲಿ ಅವಳಷ್ಟು ಕೆಲಸ ಮಾಡುವವರು ಇನ್ನೊಬ್ಬರಿಲ್ಲ. ಅತ್ತೆ ಗಂಗಮ್ಮನ ಬಾಯಿಗೆ, ಗಂಡನ ಹೊಟ್ಟೆಗೆ, ಮನೆ ಹಾಳು ಮಾಡುವ ಮೈದುನನಿಗೆ ಎದುರಾಗಿ ಅವಳು ಒಂದೊಂದೇ ಕಟ್ಟುತ್ತಾ ಹೋಗುತ್ತಾಳೆ. ಕೊನೆಗೆ ಅವಳನ್ನು ಸೋಲಿಸುವುದು ಪ್ಲೇಗು. ಸಹನೆಗೆ ಕೈಮುಗಿದು ಮುಂದೆ ಹೋದರೆ ಈ ಕೆಲಸವೆಲ್ಲ ಕಣ್ಣಿಗೆ ಬೀಳದೇ ಹೋಗುತ್ತದೆ. ನೀವು ದಿನವಿಡೀ ಲೆಕ್ಕದ ನಡುವೆ ಇರುವವರು. ರಾತ್ರಿ ದೀಪದ ಬೆಳಕಿನಲ್ಲಿ ಸರ್ಕಾರದ ಕಂದಾಯದ ಲೆಕ್ಕ ಬರೆದು, ರುಜು ಹಾಕಲು ಗಂಡನ ಕೈಗೆ ಕೊಡುವ ಹೆಂಗಸಿನ ಬಗ್ಗೆ ನಿಮಗೆ ಹೇಳಲು ನನಗಿಂತ ಜಾಸ್ತಿ ಇರಬೇಕು.

ಪ್ಲೇಗಿನ ಬಗ್ಗೆ ಒಂದು ಮಾತು. ಅದು 1898ರಲ್ಲಿ ಬೆಂಗಳೂರಿಗೆ ಬಂದಿತ್ತು. ಆಮೇಲೂ ದಶಕಗಳ ಕಾಲ ಹಳೇ ಮೈಸೂರು ಸೀಮೆಯ ಹಳ್ಳಿಗಳಿಗೆ ಮತ್ತೆ ಮತ್ತೆ ಬರುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ‘ಗೃಹಭಂಗ’ದಲ್ಲಿ ಇಲಿ ಬೀಳುವ ಭಾಗ ಓದಿದ ಮೇಲೆ ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಆ ಸೀಮೆಯ ಎಷ್ಟೋ ಮನೆಗಳಲ್ಲಿ ‘ಪ್ಲೇಗಿನಲ್ಲಿ ಹೋದವರು’ ಒಬ್ಬರಾದರೂ ಇದ್ದಾರೆ. ಅವರ ಹೆಸರು ಕೂಡ ಮರೆತಿರುತ್ತದೆ. ಕಾದಂಬರಿ ಓದಿದ ಮೇಲೆ ಮನೆಯಲ್ಲಿ ಎದ್ದ ಅಂಥ ಮಾತನ್ನೂ ಬರೆದಿಡಿ. ಅದೂ ಓದಿನ ಭಾಗವೇ.

ಇನ್ನು ‘ಭಿತ್ತಿ’ ಓದಿದ ಮೇಲೆ ‘ಗೃಹಭಂಗ’ ಪೂರ್ತಿ ನಡೆದದ್ದೇ ಅನ್ನಿಸಿತು ಎಂದಿರಿ. ಹಾಗೆ ಅನ್ನಿಸುವುದು ಸಹಜ. ಭೈರಪ್ಪನವರು ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಕಾದಂಬರಿ ನಡೆಯುವುದೂ ಆ ಕಡೆಯ ಸೀಮೆಯಲ್ಲೇ. ಎರಡು ಪುಸ್ತಕಗಳ ಕರುಳಬಳ್ಳಿ ಒಂದೇ ಎಂಬುದರಲ್ಲಿ ಅನುಮಾನ ಇಲ್ಲ.

ಆದರೂ ಒಂದನ್ನು ಗಮನಿಸಿ. ‘ಗೃಹಭಂಗ’ ಬಂದದ್ದು 1970ರಲ್ಲಿ. ‘ಭಿತ್ತಿ’ ಬಂದದ್ದು 1996ರಲ್ಲಿ. ಅಂದರೆ ಮೊದಲು ಕಾದಂಬರಿ, ಇಪ್ಪತ್ತಾರು ವರ್ಷದ ಮೇಲೆ ಆತ್ಮಕಥೆ. ನಾವು ‘ಜೀವನ ಇದು, ಇದರಿಂದ ಕಾದಂಬರಿ ಆಯಿತು’ ಎಂದು ನೇರ ಗೆರೆ ಎಳೆಯುತ್ತೇವೆ. ಒಂದು ಘಟನೆಯನ್ನು ಒಮ್ಮೆ ಕಾದಂಬರಿಯಾಗಿ ಬರೆದವನಿಗೆ ಆಮೇಲೆ ಅದು ಹೇಗೆ ನೆನಪಾಗುತ್ತದೆ? ನಡೆದ ಹಾಗೋ, ಬರೆದ ಹಾಗೋ? ಈ ಪ್ರಶ್ನೆಗೆ ಪುಸ್ತಕದ ಹೊರಗೆ ಉತ್ತರ ಸಿಗುವುದಿಲ್ಲ. ಕೇಳಿಕೊಂಡು ಓದಿದರೆ ಮಾತ್ರ ಓದುವ ರೀತಿಯೇ ಬದಲಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಭಿತ್ತಿ’ಯಲ್ಲಿ ತಾಯಿ ಗೌರಮ್ಮನವರನ್ನು ನಾವು ಮಗನ ಕಣ್ಣಿನಿಂದ ಮಾತ್ರ ನೋಡುತ್ತೇವೆ. ಆ ಮಗ ಆಗ ಚಿಕ್ಕ ಹುಡುಗ. ರಾತ್ರಿ ಮಲಗಿದ ಮೇಲೆ ಅಮ್ಮ ಏನು ಯೋಚಿಸಿದಳು, ಗಂಡನ ಬಗ್ಗೆ ಒಳಗೊಳಗೆ ಏನು ಅಂದುಕೊಂಡಳು, ಹೆತ್ತ ಮಕ್ಕಳು ಕಣ್ಣೆದುರೇ ಹೋದಾಗ ಅವಳಿಗೆ ಏನಾಯಿತು, ಇದೆಲ್ಲ ಅವನಿಗೆ ಹೇಗೆ ಗೊತ್ತಾಗಬೇಕು? ಆತ್ಮಕಥೆ ಬರೆಯುವವನು ಪ್ರಾಮಾಣಿಕನಾದರೆ ಅಲ್ಲಿಗೆ ನಿಲ್ಲಬೇಕು. ಕಾದಂಬರಿಗೆ ಆ ಅಡ್ಡಿ ಇಲ್ಲ. ಕಾದಂಬರಿ ನಂಜಮ್ಮನ ಮನಸ್ಸಿನೊಳಗೆ ಹೋಗುತ್ತದೆ. ಅಲ್ಲಿ ಮಗ ವಿಶ್ವ ಒಂದು ಸಣ್ಣ ಪಾತ್ರ. ಎಷ್ಟೋ ಮುಖ್ಯ ಗಳಿಗೆಗಳಲ್ಲಿ ಅವನು ಇರುವುದೇ ಇಲ್ಲ. ‘ಭಿತ್ತಿ’ ಮಗನ ಪುಸ್ತಕ, ‘ಗೃಹಭಂಗ’ ತಾಯಿಯ ಪುಸ್ತಕ. ಮಗನಿಗೆ ತಿಳಿಯಲು ಸಾಧ್ಯವೇ ಇಲ್ಲದ್ದನ್ನು ಬರೆಯಲಿಕ್ಕಾಗಿಯೇ ಅವರಿಗೆ ಕಾದಂಬರಿ ಬೇಕಾಯಿತು ಎಂದು ನಾನು ಓದುತ್ತೇನೆ. ಹಾಗಾಗಿ ‘ಇದೆಲ್ಲ ನಡೆದದ್ದೇ’ ಎಂದು ಕಾದಂಬರಿಗೆ ಸರ್ಟಿಫಿಕೇಟ್ ಕೊಡುವುದರಿಂದ ಅದರ ಬೆಲೆ ಹೆಚ್ಚುವುದಿಲ್ಲ. ಅದರ ಅತ್ಯಂತ ನಿಜವಾದ ಪುಟಗಳು ಯಾರೂ ನೋಡಿರದ, ಯಾರೂ ಸಾಕ್ಷಿ ಹೇಳಲಾಗದ ಪುಟಗಳು.

‘ಭಿತ್ತಿ’ಗೆ ಅದರದೇ ಬಲ ಇದೆ. ಓದು ಬಿಟ್ಟು ಊರೂರು ಅಲೆದದ್ದು, ಮುಂಬೈನಲ್ಲಿ ರೈಲ್ವೆ ಕೂಲಿಯಾದದ್ದು, ಸಾಧುಗಳ ಜೊತೆ ಸೇರಿಕೊಂಡದ್ದು, ಮತ್ತೆ ಮೈಸೂರಿಗೆ ಬಂದು ಓದಿಗೆ ಕೂತದ್ದು. ಇವನ್ನು ಅವರು ಅಳದೆ, ನಮ್ಮನ್ನು ಅಳಿಸಲೂ ನೋಡದೆ ಹೇಳುತ್ತಾರೆ. ಆದರೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ‘ಗೃಹಭಂಗ’ವನ್ನೇ ಇಟ್ಟುಕೊಳ್ಳುತ್ತೇನೆ. ಭೈರಪ್ಪನವರು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ವಿಚಾರಗಳ ಬಗ್ಗೆ, ಈಚಿನ ಕಾದಂಬರಿಗಳ ಬಗ್ಗೆ ಕನ್ನಡದಲ್ಲಿ ಜಗಳವೇ ನಡೆದಿದೆ. ಅದರಲ್ಲಿ ನೀವು ಯಾವ ಕಡೆಯವರಾದರೂ ಆಗಿರಿ, ನಂಜಮ್ಮನ ಎದುರಿಗೆ ಕೂತಾಗ ಆ ಜಗಳವನ್ನು ಒಳಗೆ ತರಬೇಡಿ. ಪುಸ್ತಕಕ್ಕೆ ಅದರ ಪುಟಗಳಿಂದಲೇ ಮಾತಾಡಲು ಬಿಡಬೇಕು.

‘ಘಾಚರ್ ಘೋಚರ್’ಗೆ ಬರೋಣ. 2013ರಲ್ಲಿ ಬಂದ ಸಣ್ಣ ಕಾದಂಬರಿ. ಶ್ರೀನಾಥ್ ಪೆರೂರು ಇಂಗ್ಲಿಷಿಗೆ ತಂದ ಮೇಲೆ ಬೇರೆ ದೇಶಗಳಲ್ಲೂ ಅದನ್ನು ಓದಿದರು. ನಿಮಗೆ ಸಿಟ್ಟು ಬಂದದ್ದು ಕತೆ ಹೇಳುವವನ ಮೇಲೆ. ಅದನ್ನು ಕಾದಂಬರಿಯ ಮೇಲಿನ ಸಿಟ್ಟು ಎಂದುಕೊಂಡಿದ್ದೀರಿ. ಇವೆರಡೂ ಬೇರೆ ಬೇರೆ. ಅವನ ಮೇಲೆ ಸಿಟ್ಟು ಬಂದಿದೆ ಎಂದರೆ ಕಾದಂಬರಿ ತನ್ನ ಕೆಲಸ ಮಾಡಿದೆ.

ಈ ಪುಸ್ತಕದಲ್ಲಿ ನಮಗೆ ಸಿಗುವ ಪ್ರತಿಯೊಂದು ಮಾತೂ ಅವನ ಬಾಯಿಂದಲೇ ಬರುತ್ತದೆ. ಅವನ ಹೆಸರು ಕೂಡ ನಮಗೆ ಗೊತ್ತಾಗುವುದಿಲ್ಲ. ಕಾಫಿ ಹೌಸಿನಲ್ಲಿ ಕೂರುತ್ತಾನೆ. ವೇಟರ್ ವಿನ್ಸೆಂಟ್‌ನ ಒಂದೊಂದು ಮಾತಿನಲ್ಲೂ ದೊಡ್ಡ ಅರ್ಥ ಹುಡುಕುತ್ತಾನೆ. ಮೆತ್ತಗಿನ ಮನುಷ್ಯ, ಒಳ್ಳೆಯವನ ಹಾಗೆ ಕಾಣುತ್ತಾನೆ. ಬಡತನದ ಹಳೇ ಮನೆ, ಅಮ್ಮ ಇರುವೆಗಳ ಜೊತೆ ನಡೆಸುವ ಯುದ್ಧ, ಅಪ್ಪನ ಸೇಲ್ಸ್‌ಮನ್ ಕೆಲಸ, ಇವನ್ನೆಲ್ಲ ಎಷ್ಟು ಆಪ್ತವಾಗಿ ಹೇಳುತ್ತಾನೆ ಎಂದರೆ ನಾವು ಅವನ ಪಕ್ಕ ಹೋಗಿ ಕೂತುಬಿಡುತ್ತೇವೆ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರುತ್ತದೆ, ದುಡ್ಡು ಬರುತ್ತದೆ, ಮನೆ ಬದಲಾಗುತ್ತದೆ. ದುಡ್ಡು ತರುವವನನ್ನು ಕಾಪಾಡುವುದೇ ಮನೆಯವರ ಕೆಲಸವಾಗುತ್ತದೆ.

ಇಲ್ಲಿ ಒಂದು ಸಂದರ್ಭ ಮತ್ತೆ ಓದಿ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಅಡುಗೆ ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು ಮನೆ ಬಾಗಿಲಿಗೆ ಬರುತ್ತಾಳೆ. ಅಮ್ಮ ಮತ್ತು ಅಕ್ಕ ಮಾಲತಿ ಅವಳನ್ನು ಅಟ್ಟುತ್ತಾರೆ. ಬಾಯಲ್ಲಿ ಬರಬಾರದ ಮಾತೆಲ್ಲ ಬರುತ್ತದೆ. ತಂದ ಅಡುಗೆ ಬೀದಿಪಾಲಾಗುತ್ತದೆ. ಇದು ತಪ್ಪು ಎಂದು ಬಾಯಿ ಬಿಟ್ಟು ಹೇಳುವವಳು ಹೊರಗಿನಿಂದ ಬಂದ ಸೊಸೆ ಅನಿತಾ ಒಬ್ಬಳೇ. ಕತೆ ಹೇಳುವವನು ಎಲ್ಲಿದ್ದ? ಅಲ್ಲೇ ಇದ್ದ. ಎಲ್ಲವನ್ನೂ ನೋಡಿದ. ನಮಗೆ ಎಲ್ಲವನ್ನೂ ಚೆನ್ನಾಗಿ ವರ್ಣಿಸಿ ಹೇಳಿದ. ಅವನ ಕೈಲಾದದ್ದು ಅಷ್ಟೇ. ಒಳ್ಳೆಯ ಕತೆ ಹೇಳುವ ಶಕ್ತಿಯೂ ಏನೂ ಮಾಡದ ಸ್ವಭಾವವೂ ಒಬ್ಬನಲ್ಲೇ ಇದ್ದರೆ, ಅವನ ಮಾತು ಕೇಳುತ್ತಾ ಕೂತ ನಾವು ಯಾರು? ಸಿಟ್ಟಿನ ಹಿಂದೆ ಹೊರಟರೆ ನೀವು ಬಂದು ನಿಲ್ಲುವುದು ಈ ಪ್ರಶ್ನೆಗೆ.

ಇನ್ನೊಂದು ಸಂಗತಿ ನಿಮ್ಮನ್ನೇ ಕೇಳಬೇಕು. ಅವನಿಗೆ ಕಂಪನಿಯಲ್ಲಿ ಹೆಸರಿಗೆ ಒಂದು ಹುದ್ದೆ. ಕೆಲಸ ಇಲ್ಲ, ತಿಂಗಳು ತಿಂಗಳು ಸಂಬಳ ಖಾತೆಗೆ ಬಂದು ಬೀಳುತ್ತದೆ. ಮದುವೆಯಾಗಿ ಬಂದ ಅನಿತಾಗೆ ಇದು ಗೊತ್ತಾದಾಗ ಆಗುವ ಆಘಾತ ಇದೆಯಲ್ಲ, ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ದುಡಿದ ಹೆಣ್ಣುಮಗಳು ಅದನ್ನು ಓದುವ ರೀತಿ ಬೇರೆ ಇರುತ್ತದೆ. ನಿಮ್ಮ ಗುಂಪಿನಲ್ಲಿ ಅದರ ಬಗ್ಗೆ ಮಾತಾಡಿ. ‘ಗೃಹಭಂಗ’ವನ್ನೂ ಇದನ್ನೂ ಹತ್ತಿರ ಹತ್ತಿರ ಓದಿದ್ದೀರಿ, ಅದೃಷ್ಟ ಅನ್ನಬೇಕು. ಒಂದು ಮನೆಯಲ್ಲಿ ಕಾಸಿಲ್ಲ, ಒಬ್ಬ ಹೆಂಗಸು ಎಲ್ಲವನ್ನೂ ಮಾಡುತ್ತಾಳೆ. ಇನ್ನೊಂದು ಮನೆಯಲ್ಲಿ ಕಾಸು ತುಂಬಿದೆ, ಒಬ್ಬ ಗಂಡಸು ಏನನ್ನೂ ಮಾಡುವುದಿಲ್ಲ. ಎರಡು ಮನೆಯೂ ಒಡೆಯುತ್ತದೆ. ಈ ಎರಡು ಪುಸ್ತಕಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡಲು ಯಾವ ಪದವಿಯೂ ಬೇಡ. ಓದಿದ್ದು ನೆನಪಿದ್ದರೆ ಸಾಕು. ಕೊನೆಯ ಪುಟಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಇನ್ನೂ ಓದದವರೂ ಇದನ್ನು ಓದುತ್ತಿರಬಹುದು. ಅಲ್ಲಿ ಹೇಳದೆ ಬಿಟ್ಟದ್ದೇನು ಎಂದು ನೀವು ಒಮ್ಮೆ ಯೋಚಿಸಿ ನೋಡಿ.

‘ಊರುಕೇರಿ’ಯ ನಗು. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ ಸಾಲು ಇದು. ನಕ್ಕೆ, ನಕ್ಕಿದ್ದಕ್ಕೆ ನಾಚಿಕೆಯಾಯಿತು ಎಂದು ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಜಾಸ್ತಿ ಜನ ‘ದಲಿತರ ನೋವಿನ ಕಥನ’ ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಅವರು ಪುಸ್ತಕ ಓದಿದ್ದಾರೋ, ಬೆನ್ನುಪುಟ ಮಾತ್ರ ಓದಿದ್ದಾರೋ ಎಂದು ಅನುಮಾನ ಬರುತ್ತದೆ. ಯಾಕೆಂದರೆ ಓದಿದವರು ನಗದೇ ಇರುವುದು ಕಷ್ಟ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿ, ಬೆಂಗಳೂರಿನ ಹಾಸ್ಟೆಲು, ಓದಿಕೊಳ್ಳಲು ಸ್ಮಶಾನಕ್ಕೆ ಹೋಗಿ ಕೂರುವ ಹುಡುಗ. ಇದನ್ನೆಲ್ಲ ಸಿದ್ಧಲಿಂಗಯ್ಯನವರು ನಗಿಸುತ್ತಲೇ ಹೇಳುತ್ತಾರೆ. ‘ಹೊಲೆಮಾದಿಗರ ಹಾಡು’ ಬರೆದ, ಬೀದಿಯಲ್ಲಿ ಕ್ರಾಂತಿಗೀತೆ ಹಾಡಿಸಿದ ಕವಿ ಇವರೇನಾ ಎಂದು ಆಶ್ಚರ್ಯವಾಗುವಷ್ಟು.

ಆದರೆ ಪುಸ್ತಕದ ಮೊದಲಲ್ಲೇ ಬರುವ ಒಂದು ನೋಟ ನೆನಪಿಸಿಕೊಳ್ಳಿ. ಹುಡುಗ ಹೊಲದ ಹತ್ತಿರ ಇದ್ದಾನೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ಮನುಷ್ಯರು ಎತ್ತಿನ ಹಾಗೆ ನಡೆಯುವುದು ಹುಡುಗನಿಗೆ ಮೊದಲು ತಮಾಷೆಯಾಗಿ ಕಾಣುತ್ತದೆ. ನೋಡುತ್ತಾ ನೋಡುತ್ತಾ ಸಂಕಟ ಶುರುವಾಗುತ್ತದೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ನಿಮಗೆ ಆದದ್ದೂ ಇದೇ ಅಲ್ವಾ? ಮೊದಲು ನಗು, ಹಿಂದಿನಿಂದ ಸಂಕಟ. ಈ ಕ್ರಮವನ್ನು ಲೇಖಕರೇ ನಮಗೆ ಮೊದಲ ಪುಟಗಳಲ್ಲಿ ಕಲಿಸಿಬಿಟ್ಟಿದ್ದಾರೆ. ಹಾಗಾಗಿ ನಕ್ಕಿದ್ದಕ್ಕೆ ನಾಚಬೇಡಿ. ನಾಚಿಕೆಯನ್ನೂ ಅಳಿಸಿಹಾಕಬೇಡಿ. ಎರಡನ್ನೂ ಬರೆಯಿರಿ.

‘ನಾನು ಆ ಕೇರಿಯ ಕಡೆಯವಳಲ್ಲ’ ಎಂದಿದ್ದೀರಿ. ಹಾಗಾದರೆ ನಿಮ್ಮ ಮನೆ ಊರಿನಲ್ಲಿ ಎಲ್ಲಿತ್ತು? ಕೇರಿಯಿಂದ ಬಂದವರು ನಿಮ್ಮ ಅಜ್ಜನ ಮನೆಯ ಯಾವ ಬಾಗಿಲಲ್ಲಿ ನಿಲ್ಲುತ್ತಿದ್ದರು? ಅವರಿಗೆ ಕಾಫಿ ಕೊಡುತ್ತಿದ್ದ ಲೋಟ ಎಲ್ಲಿರುತ್ತಿತ್ತು? ಚಿಕ್ಕವರಿದ್ದಾಗ ನೀವು ನೋಡಿದ್ದು, ಆಗ ಏನೂ ಅನ್ನಿಸದೇ ಇದ್ದದ್ದು, ‘ಊರುಕೇರಿ’ ಓದುವಾಗ ಎದ್ದು ಬಂತಾ? ಬಂದಿದ್ದರೆ ಅದನ್ನು ಬರೆಯುವುದು ಕಷ್ಟದ ಕೆಲಸ. ಆದರೆ ‘ಅಯ್ಯೋ ಪಾಪ’ ಎನ್ನುವ ನೂರು ಸಾಲಿಗಿಂತ ಅಂಥ ಒಂದು ಸಾಲು ಆ ಪುಸ್ತಕಕ್ಕೆ ಕೊಡುವ ಮರ್ಯಾದೆ ದೊಡ್ಡದು. ಗುಂಪಿನಲ್ಲಿ ಹೇಳಲು ಇಷ್ಟ ಇಲ್ಲದಿದ್ದರೆ ನಿಮ್ಮ ಪುಸ್ತಕದಲ್ಲೇ ಇರಲಿ. ಇದಾದ ಮೇಲೆ ಅರವಿಂದ ಮಾಲಗತ್ತಿಯವರ ‘ಗವರ್ನಮೆಂಟ್ ಬ್ರಾಹ್ಮಣ’ ಓದಿ. 1994ರಲ್ಲಿ ಬಂದದ್ದು. ಅಲ್ಲಿ ದನಿಯೇ ಬೇರೆ, ನಗುವ ಜಾಗ ಕಡಿಮೆ, ಮಾತು ನೇರವಾಗಿ ತಾಗುತ್ತದೆ. ಕೇರಿಯ ಬದುಕನ್ನು ಎಲ್ಲರೂ ಒಂದೇ ದನಿಯಲ್ಲಿ ಹೇಳುತ್ತಾರೆ ಎಂಬ ಭ್ರಮೆ ಈ ಎರಡು ಪುಸ್ತಕ ಓದಿದರೆ ಹೋಗುತ್ತದೆ.

ಕಾರ್ನಾಡರ ಬಗ್ಗೆ ನಿಮ್ಮ ಪ್ರಶ್ನೆ. ‘ಆಡಾಡತ ಆಯುಷ್ಯ’ 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಓದದವರಿಗಾಗಿ ಹೇಳುತ್ತೇನೆ. ಕಾರ್ನಾಡರು ಆಗಲೇ ಹೆಸರು ಮಾಡಿದ್ದರು. ಧಾರವಾಡದ ಮನೆಯಲ್ಲಿ ಊಟಕ್ಕೆ ಕೂತಾಗ ತಾಯಿ ಒಂದು ಮಾತು ಹೇಳುತ್ತಾರೆ. ಇವನು ಹೊಟ್ಟೆಯಲ್ಲಿದ್ದಾಗ ಬೇಡ ಎಂದುಕೊಂಡು ಪುಣೆಯಲ್ಲಿ ಡಾಕ್ಟರ ಹತ್ತಿರ ಹೋಗಿದ್ದರಂತೆ. ಕಾದರೂ ಡಾಕ್ಟರು ಬರಲಿಲ್ಲ, ಎದ್ದು ಬಂದರು. ಅಷ್ಟೇ ಕತೆ. ಆ ಡಾಕ್ಟರ್ ಮಧುಮಾಲತಿ ಗುಣೆಯವರಿಗೇ ಕಾರ್ನಾಡರು ಪುಸ್ತಕ ಅರ್ಪಿಸಿದ್ದಾರೆ.

ಇದನ್ನು ಬರೆಯಬೇಕಿತ್ತಾ? ನನ್ನ ಮಟ್ಟಿಗೆ, ಬರೆಯಬೇಕಿತ್ತು. ಗುಟ್ಟನ್ನು ಮಗ ಕದ್ದು ಬರೆದದ್ದಲ್ಲ. ತಾಯಿಯೇ ಊಟದ ಹೊತ್ತಿನಲ್ಲಿ, ಮಗನ ಎದುರಿಗೆ, ಯಾವ ನಾಟಕವೂ ಇಲ್ಲದೆ ಹೇಳಿದ ಮಾತು. ಅವರು ಎಂಥ ಹೆಂಗಸು ಎಂಬುದು ಆ ಒಂದು ಗಳಿಗೆಯಲ್ಲೇ ನಮಗೆ ಕಾಣುತ್ತದೆ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಒಬ್ಬ ಮಗನನ್ನು ಕಟ್ಟಿಕೊಂಡು, ದುಡಿದು, ಆ ಕಾಲದಲ್ಲಿ ಮತ್ತೆ ಮದುವೆಯಾದವರು. ಇದ್ದದ್ದನ್ನು ಇದ್ದಹಾಗೆ ಹೇಳುವ ಅಭ್ಯಾಸ ಅವರಿಗೆ ಸುಮ್ನೆ ಬಂದಿರಲಿಲ್ಲ. ತಾನು ಹುಟ್ಟಿದ್ದೇ ಒಂದು ಆಕಸ್ಮಿಕ ಎಂದು ಒಬ್ಬ ನಾಟಕಕಾರ ತನ್ನ ಕತೆ ಶುರು ಮಾಡುವುದು ನನಗೆ ತುಂಬಾ ಇಷ್ಟ. ‘ಬಾಲ್ಯದಿಂದಲೇ ಪ್ರತಿಭಾವಂತ’ ಎಂದು ಶುರುವಾಗುವ ಆತ್ಮಕಥೆಗಳನ್ನು ಓದಿ ಓದಿ ಸುಸ್ತಾದವರಿಗೆ ಇದು ಗೊತ್ತು.

ಆದರೆ ನಿಮ್ಮ ಮುಜುಗರವನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ಆತ್ಮಕಥೆಯಲ್ಲೂ ಬರೆಯುವವನ ಜೊತೆ ಇನ್ನೂ ಹತ್ತಾರು ಜನ ಇರುತ್ತಾರೆ. ಹೆಂಡತಿ, ಗೆಳತಿ, ಗೆಳೆಯ, ಅಣ್ಣತಮ್ಮ. ಅವರಿಗೆ ಆ ಪುಸ್ತಕದಲ್ಲಿ ಮಾತಾಡುವ ಅವಕಾಶ ಇಲ್ಲ. ‘ಇದರ ಇನ್ನೊಂದು ಕಡೆ ಏನಿರಬಹುದು’ ಎಂದು ಓದುತ್ತಾ ಕೇಳಿಕೊಳ್ಳುವುದು ಒಳ್ಳೆಯ ಓದುಗರ ಲಕ್ಷಣ. ಕನ್ನಡದಲ್ಲಿ ಈ ಇನ್ನೊಂದು ಕಡೆಯೂ ಸಿಗುವ ಒಂದು ಅಪರೂಪದ ಜೋಡಿ ಇದೆ. 1997ರಲ್ಲಿ ಪಿ. ಲಂಕೇಶ್ ‘ಹುಳಿಮಾವಿನ ಮರ’ ಎಂದು ತಮ್ಮ ಬದುಕಿನ ಕತೆ ಬರೆದರು. ಆಮೇಲೆ ಅವರ ಪತ್ನಿ ಇಂದಿರಾ ಲಂಕೇಶ್ ‘ಹುಳಿ ಮಾವು ಮತ್ತು ನಾನು’ ಬರೆದರು. ಎರಡನ್ನೂ ಒಂದರ ಹಿಂದೆ ಒಂದು ಓದಿ. ಯಾರು ಸತ್ಯ, ಯಾರು ಸುಳ್ಳು ಎಂದು ತೀರ್ಪು ಕೊಡಲು ಹೋಗಬೇಡಿ. ಒಂದೇ ಮನೆಯ ಕತೆಯಲ್ಲಿ ಅವರಿಗೆ ಮುಖ್ಯವಾದದ್ದು ಯಾವುದು, ಇವರಿಗೆ ಮುಖ್ಯವಾದದ್ದು ಯಾವುದು ಎಂದು ಮಾತ್ರ ನೋಡಿ.

ಬರೆದಿಡುವ ರೀತಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪುಸ್ತಕ ಮುಗಿಸಿದ ಮೇಲೆ ಬರೆಯಲು ಕೂರಬೇಡಿ, ಓದುವಾಗಲೇ ಬರೆಯಿರಿ. ಪುಸ್ತಕ ಮುಗಿದ ಮೇಲೆ ಮನಸ್ಸು ಒಂದು ನಿಲುವಿಗೆ ಬಂದುಬಿಡುತ್ತದೆ, ನಡುವಿನ ತಕರಾರು, ಸಿಟ್ಟು, ಬೇಸರ ಎಲ್ಲ ಹಾರಿಹೋಗುತ್ತದೆ. ಪುಟದ ಸಂಖ್ಯೆ ಹಾಕಿ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ವಾಕ್ಯವನ್ನು ಕೈಯಾರೆ ನಕಲು ಮಾಡಿ. ಬೆರಳಿನಲ್ಲಿ ಬರೆಯುವಾಗ ಕಣ್ಣಿಗೆ ಕಾಣದ್ದು ಕಾಣುತ್ತದೆ. ಅದರ ಕೆಳಗೆ ಆಗ ಏನಾಯಿತು ಎಂದು ಬರೆಯಿರಿ. ನಕ್ಕಿರಿ, ಮುಚ್ಚಿಟ್ಟಿರಿ, ಬೋರಾಗಿ ಹತ್ತು ಪುಟ ಹಾರಿಸಿದಿರಿ, ಏನೇ ಇರಲಿ. ಹಾರಿಸಿದ್ದನ್ನೂ ಬರೆಯಿರಿ. ದೊಡ್ಡ ಲೇಖಕರ ಪುಸ್ತಕದಲ್ಲೂ ಬೇಸರ ತರಿಸುವ ಪುಟಗಳಿರುತ್ತವೆ, ಅದನ್ನು ಹೇಳಿದರೆ ಯಾರ ಗೌರವಕ್ಕೂ ಕುಂದಿಲ್ಲ. ಬೇರೆಯವರ ವಿಮರ್ಶೆ, ಮುನ್ನುಡಿ ಎಲ್ಲ ನಿಮ್ಮದನ್ನು ಬರೆದ ಮೇಲೆ ಓದಿ. ಅದ್ಭುತ, ಅಮೋಘ, ಮನಕಲಕುವ, ಕಣ್ಣು ತೇವವಾಗುವ ಎಂಬ ಮಾತುಗಳನ್ನು ಒಂದು ವರ್ಷ ಮುಟ್ಟಬೇಡಿ. ಅವು ಕೈಗೆ ಸಿಗದಿದ್ದರೆ ನಿಮ್ಮದೇ ಮಾತು ಹುಡುಕಿಕೊಳ್ಳಬೇಕಾಗುತ್ತದೆ.

ಗುಂಪಿನಲ್ಲಿ ಮಾತಾಡುವಾಗ ಅಭಿಪ್ರಾಯದಿಂದ ಶುರು ಮಾಡಬೇಡಿ. ಒಂದು ಪುಟ ಗಟ್ಟಿಯಾಗಿ ಓದಿ, ಆಮೇಲೆ ‘ಇಲ್ಲಿ ನನಗೆ ಹೀಗಾಯಿತು’ ಎನ್ನಿ. ಆಗ ನಿಮ್ಮ ಗೆಳತಿ ‘ಅದು ಪರ್ಸನಲ್’ ಎಂದು ಮಾತು ಮುಗಿಸಲು ಆಗುವುದಿಲ್ಲ. ಪುಟ ಎಲ್ಲರ ಎದುರಿಗಿದೆ. ಅವರಿಗೆ ಬೇರೆ ಅನ್ನಿಸಿದರೆ ಅದೇ ಪುಟದಿಂದ ತೋರಿಸಬೇಕು. ಅಲ್ಲಿಂದ ಆಚೆಗೆ ನಡೆಯುವುದು ವಿಮರ್ಶೆಯೇ. ನೀವಿಬ್ಬರೂ ಅದಕ್ಕೆ ಏನು ಹೆಸರು ಕೊಟ್ಟರೂ ಸರಿ.

ಮುಂದೆ ಏನು ಓದಲಿ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಕಾದಂಬರಿ ಮತ್ತು ಆತ್ಮಕಥೆಯ ಇನ್ನೊಂದು ಜೋಡಿ ಇದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮತ್ತು ಅವರ ಆತ್ಮಕಥೆ ‘ಹೊತ್ತು ಕಂತುವ ಮುನ್ನ’. ಕಾದಂಬರಿ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು, ಕಾಸರಗೋಡಿನ ಕಡೆಯ ನಾದಿರಾ ಎಂಬ ಹುಡುಗಿಯ ಕತೆ. ಅಪ್ಪನ ಹಟ, ಗಂಡನ ಮನೆ, ತಲಾಖ್, ಇವುಗಳ ನಡುವೆ ಅವಳ ಮಾತು ಕೇಳುವವರು ಯಾರೂ ಇರುವುದಿಲ್ಲ. ಆತ್ಮಕಥೆಯಲ್ಲಿ ಅದೇ ಸೀಮೆಯ ಇನ್ನೊಬ್ಬ ಹುಡುಗಿ ಓದುತ್ತಾಳೆ, ಬರೆಯುತ್ತಾಳೆ, ಬರೆದದ್ದಕ್ಕಾಗಿ ವಿರೋಧ ಎದುರಿಸುತ್ತಾಳೆ. ಈ ಸಲ ಕಾದಂಬರಿ ಮುಗಿದ ಕೂಡಲೇ ಆತ್ಮಕಥೆ ತೆಗೆಯಬೇಡಿ. ನಾದಿರಾಳ ಬಗ್ಗೆ ನಿಮಗೆ ಹೇಳಬೇಕಾದದ್ದನ್ನೆಲ್ಲ ಮೊದಲು ಬರೆದು ಮುಗಿಸಿ, ಆಮೇಲೆ ಲೇಖಕಿಯ ಬದುಕಿನ ಕಡೆ ಹೋಗಿ.